ಕಬ್ಬಿನ ಸೀಮೆಯಲ್ಲಿ ಆಡದೆ ಉಳಿದ ಮಾತು

ದಸರೆಯ ಬನ್ನಿ ಹಂಚಿ ಮುಗಿಯುತ್ತಿದ್ದಂತೆಯೇ ಬೋರಗಾಂವದ ಸುತ್ತಲಿನ ಹೊಲಗಳಿಗೆ ಕಬ್ಬು ಕಡಿಯುವವರ ಟೋಳಿಗಳು ಬಂದಿಳಿಯತೊಡಗುತ್ತವೆ. ಬೀಡ ಜಿಲ್ಲೆಯಿಂದ, ಮರಾಠವಾಡದ ಇತರ ಒಣ ತಾಲೂಕುಗಳಿಂದ, ನಮ್ಮದೇ ವಿಜಯಪುರದ ಕಡೆಯಿಂದ ಬರುವ ಈ ಜನರು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದನ್ನು ನಿಲ್ಲಿಸುವ ತನಕ ಹೊಲದ ಬದುವಿನಲ್ಲಿ, ರಸ್ತೆಯ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡು ಬದುಕುತ್ತಾರೆ. ಇವರನ್ನು ಎಣಿಸುವುದು ತಲೆಯಿಂದಲ್ಲ, ಕೊಯ್ತಾದಿಂದ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮನ ವಹಿಯಲ್ಲಿ ಮಾತ್ರ ಒಂದು ಕೊಯ್ತಾ ಎಂದರೆ ಗಂಡ ಮತ್ತು ಹೆಂಡತಿಯ ಒಂದು ಜೋಡಿ. ಮುಂಗಡ ಹಣ ಕೊಡುವುದು ಜೋಡಿಗೆ. ದುಡಿಮೆಯ ಲೆಕ್ಕ ಜೋಡಿಯದು. ಒಬ್ಬರು ಒಂದು ದಿನ ಮಲಗಿದರೆ ಬೀಳುವ ದಂಡವೂ ಜೋಡಿಯ ಮೇಲೆಯೇ.

ಈ ಲೆಕ್ಕದೊಳಗೆ ಹೆಂಗಸಿನ ಮುಟ್ಟಿನ ದಿನಗಳಿಗೆ ಸ್ಥಳವೆಲ್ಲಿದೆ? ನಸುಕಿನಲ್ಲಿ ಎದ್ದು ಕಬ್ಬು ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವ ಆ ತಾಯಿಗೆ ಬಟ್ಟೆ ಬದಲಿಸಲು ಮರೆಯಿಲ್ಲ, ತೊಳೆಯಲು ಸಾಕಷ್ಟು ನೀರಿಲ್ಲ, ಒಣಗಿಸಲು ಹಗ್ಗವಿಲ್ಲ. ಹೊಟ್ಟೆನೋವು ಬಂದರೆ ಅಂದಿನ ಕೂಲಿಯೂ ಹೋಯಿತು, ಮೇಲೆ ದಂಡವೂ ಬಂತು. ಬಿಳಿ ಹೋಗುವುದು, ತುರಿಕೆ, ಜ್ವರ ಇವು ವರ್ಷಗಟ್ಟಲೆ ಜೊತೆಗಿರುತ್ತವೆ. ಕೊನೆಗೊಂದು ದಿನ ಯಾವುದೋ ಆಸ್ಪತ್ರೆಯಲ್ಲಿ 'ಗರ್ಭಚೀಲ ತೆಗೆಸಿಬಿಡು, ತಾಪತ್ರಯವೇ ಇರುವುದಿಲ್ಲ' ಎಂಬ ಸಲಹೆ ಸಿಗುತ್ತದೆ. ಮಕ್ಕಳಾಗಿವೆ, ಇನ್ನೇತಕ್ಕೆ ಬೇಕು ಎಂದು ಆಕೆಯೂ ಒಪ್ಪುತ್ತಾಳೆ. ಶಸ್ತ್ರಚಿಕಿತ್ಸೆಯ ಸಾಲ ತೀರಿಸಲು ಮುಂದಿನ ಹಂಗಾಮಿಗೆ ಮತ್ತೆ ಮುಂಗಡ ಪಡೆಯುತ್ತಾಳೆ.

ಇದು ಊಹೆಯ ಮಾತಲ್ಲ. 2019ರಲ್ಲಿ ಬೀಡ ಜಿಲ್ಲೆಯ ಈ ವಿಷಯ ಪತ್ರಿಕೆಗಳಲ್ಲಿ ಬಂದು ದೇಶವೆಲ್ಲ ಬೆಚ್ಚಿದಾಗ ಮಹಾರಾಷ್ಟ್ರ ಸರ್ಕಾರವು ನೀಲಂ ಗೋರ್ಹೆಯವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆಗ ಸಮೀಕ್ಷೆಗೆ ಒಳಪಟ್ಟ ಆ ಜಿಲ್ಲೆಯ 82,309 ಮಹಿಳಾ ಕಬ್ಬು ಕಾರ್ಮಿಕರಲ್ಲಿ 13,861 ಜನರ ಗರ್ಭಕೋಶವನ್ನು ತೆಗೆಯಲಾಗಿತ್ತೆಂದು ತಿಳಿದುಬಂತು. ಆರರಲ್ಲಿ ಒಬ್ಬಳು! ಇವರಲ್ಲಿ ನಾಲ್ವತ್ತು ದಾಟದವರೂ ಅನೇಕರಿದ್ದರು. ನಮ್ಮ ಹೊಲಗಳಿಗೆ ಬರುವ ಟೋಳಿಗಳ ತವರೂರು ಇದೇ ಜಿಲ್ಲೆ ಎಂಬುದನ್ನು ನೆನೆದರೆ, ಚಹಾದಲ್ಲಿ ಸಕ್ಕರೆ ಕಲಕುವ ಕೈ ಒಂದು ಗಳಿಗೆ ನಿಲ್ಲಬೇಕು.

ಕನ್ನಡ ನಾಡು ಇದರಿಂದ ಹೊರತಾಗಿದೆಯೆಂದು ಯಾರೂ ಭಾವಿಸಬೇಕಾಗಿಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ನೂರಾರು ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಸಂಗತಿ ಬಯಲಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯ ಕಾರ್ಯಕರ್ತರು ಆ ತಾಯಂದಿರನ್ನು ಒಗ್ಗೂಡಿಸಿ ನ್ಯಾಯ ಕೇಳಿದರು. ಸಾಮಾನ್ಯ ಬಿಳಿಸೆರಗಿಗೆ, ಹೊಟ್ಟೆನೋವಿಗೆ, ಅತಿಸ್ರಾವಕ್ಕೆಂದು ಹೋದವರಿಗೆ 'ಕ್ಯಾನ್ಸರ್ ಆಗುತ್ತದೆ' ಎಂಬ ಹೆದರಿಕೆ ಹುಟ್ಟಿಸಿ ಚಾಕು ಹಿಡಿಯಲಾಗಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಮುಂದಿಟ್ಟು ಡಾ. ನರೇಂದ್ರ ಗುಪ್ತಾ ಎಂಬವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು ರೂಪಿಸಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಅದು ಆದೇಶಿಸಿತು.

ಗರ್ಭಕೋಶವನ್ನು ನಮ್ಮ ಕಡೆ 'ಚೀಲ' ಎಂದು ಕರೆಯುವ ರೂಢಿ ನನಗೆ ಎಂದೂ ಹಿಡಿಸಿಲ್ಲ. ಚೀಲವೆಂದರೆ ಧಾನ್ಯ ಖಾಲಿಯಾದ ಮೇಲೆ ಮಡಿಚಿ ಮೂಲೆಗೆಸೆಯುವ ವಸ್ತು. ಮಾತು ಹಾಗೆ ರೂಢಿಯಾದ ಮೇಲೆ ಯೋಚನೆಯೂ ಅದರ ಹಿಂದೆಯೇ ನಡೆಯುತ್ತದೆ. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತರ ಹರೆಯದ ಹೆಂಗಸು ಒಮ್ಮೆಗೇ ಐವತ್ತರ ಮುಟ್ಟು ನಿಲ್ಲುವ ಅವಸ್ಥೆಗೆ ಬೀಳುತ್ತಾಳೆ. ಎಲುಬು ಸವೆಯುತ್ತದೆ, ಬೆನ್ನು ಸೋಲುತ್ತದೆ, ಹೃದ್ರೋಗದ ಭಯವೂ ಹೆಚ್ಚುತ್ತದೆ. ಹೊರೆ ಹೊರುವ ದೇಹಕ್ಕೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಗರ್ಭಕೋಶದ ಕ್ಯಾನ್ಸರ್, ಔಷಧಕ್ಕೆ ಬಗ್ಗದ ದೊಡ್ಡ ಗಡ್ಡೆ, ಯಾವ ಚಿಕಿತ್ಸೆಗೂ ಜಗ್ಗದ ರಕ್ತಸ್ರಾವ ಇವಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ಅದು ಪ್ರಾಣವನ್ನೂ ಉಳಿಸುತ್ತದೆ. ಆದರೆ ಅದು ಕೊನೆಯ ಬಾಗಿಲು. ಮೊದಲನೆಯ ಬಾಗಿಲನ್ನೇ ತಟ್ಟದೆ ನಮ್ಮ ಬಡ ತಾಯಂದಿರು ನೇರವಾಗಿ ಕೊನೆಯ ಬಾಗಿಲಿಗೆ ಬಂದು ನಿಲ್ಲುವುದೇಕೆ ಎಂಬುದನ್ನು ವಾಚಕ ಬಂಧುಗಳು ಯೋಚಿಸಬೇಕು.

ನನಗೆ ತೋರುವಂತೆ ಮೊದಲ ಕಾರಣ ಮೌನ. ಮುಟ್ಟು ಎಂಬ ಪದವನ್ನೇ ನೋಡಿ. ಮುಟ್ಟುವುದು ಎಂದರೆ ಸ್ಪರ್ಶಿಸುವುದು. ಮುಟ್ಟಾದವಳೆಂದರೆ ಯಾರೂ ಮುಟ್ಟಬಾರದವಳು. ಒಂದೇ ಪದದಲ್ಲಿ ಕ್ರಿಯೆಯೂ ಅದರ ನಿಷೇಧವೂ ಕೂಡಿ ಕುಳಿತಿವೆ. 'ಹೊರಗ ಕುಂತಾಳ' ಎಂದು ನಮ್ಮವರು ಅನ್ನುತ್ತಾರೆ. ಗಡಿಯ ಮರಾಠಿ ನೆರೆಯವರು 'ಕಾವಳಾ ಶಿವಲಾ', ಅಂದರೆ ಕಾಗೆ ಮುಟ್ಟಿತು ಎನ್ನುತ್ತಾರೆ. ಮನೆಯ ಮಗುವಿಗೆ ಹೇಳುವ ಉತ್ತರವೂ ಅದೇ. ಹೆಸರಿಲ್ಲದ ಸಂಗತಿಗೆ ಪ್ರಶ್ನೆಯಿಲ್ಲ, ಪ್ರಶ್ನೆಯಿಲ್ಲದ ಕಡೆ ವೈದ್ಯನಿಲ್ಲ.

ಮುಟ್ಟಾದವಳು ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ, ತುಳಸಿ ಮುಟ್ಟಿದರೆ ಒಣಗುತ್ತದೆ ಎಂಬ ನಂಬಿಕೆಯನ್ನು ನಮ್ಮ ದೇಶದ ಅಜ್ಞಾನವೆಂದು ಹಳಿಯುವವರುಂಟು. ಅದು ಪೂರ್ತಿ ನ್ಯಾಯವಲ್ಲ. ರೋಮಿನ ಮಹಾಪಂಡಿತ ಪ್ಲೀನಿಯು ಒಂದನೆಯ ಶತಮಾನದಲ್ಲಿಯೇ ಇಂಥವಳ ಸ್ಪರ್ಶದಿಂದ ದ್ರಾಕ್ಷಾರಸ ಹುಳಿಯಾಗುತ್ತದೆ, ಬೆಳೆ ಬಾಡುತ್ತದೆ ಎಂದು ಬರೆದಿದ್ದನು. ಅಷ್ಟೇಕೆ, 1920ರಲ್ಲಿ ವಿಯೆನ್ನಾದ ಹೆಸರಾಂತ ವೈದ್ಯ ಬೇಲಾ ಶಿಕ್ ಎಂಬವರು ಮುಟ್ಟಾದ ಹೆಂಗಸು ಹಿಡಿದ ಹೂವು ಬೇಗ ಬಾಡಿತೆಂದು ಕಂಡು, ಆಕೆಯ ದೇಹದಲ್ಲಿ ಒಂದು ವಿಷವಿದೆಯೆಂದು ಸಾರಿ ಅದಕ್ಕೆ 'ಮೆನೊಟಾಕ್ಸಿನ್' ಎಂದು ಹೆಸರಿಟ್ಟರು. ಪ್ರಯೋಗಶಾಲೆಗಳು ದಶಕಗಳ ಕಾಲ ಆ ವಿಷವನ್ನು ಹುಡುಕಿದವು. ಅಂಥದೊಂದು ಇರಲೇ ಇಲ್ಲ. ಪೂರ್ವಗ್ರಹವು ಬಿಳಿ ಅಂಗಿ ತೊಟ್ಟು ಪ್ರಯೋಗಶಾಲೆಯೊಳಗೂ ಕುಳಿತುಕೊಳ್ಳಬಲ್ಲುದು.

ಕ್ರೈಸ್ತ ಕುಟುಂಬಗಳ ಓದುಗರಿಗಾಗಿ ಇಲ್ಲಿ ಎರಡು ಮಾತು ಹೇಳಲೇಬೇಕು. ಯಾಜಕಕಾಂಡದ ಹದಿನೈದನೆಯ ಅಧ್ಯಾಯವು ಮುಟ್ಟಾದವಳನ್ನು ಏಳು ದಿನ ಅಶುದ್ಧಳೆಂದು ಎಣಿಸುತ್ತದೆ. ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಾದರೋ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಅನೇಕ ವೈದ್ಯರ ಕೈಯಲ್ಲಿ ಕಷ್ಟಪಟ್ಟು, ಇದ್ದದ್ದನ್ನೆಲ್ಲ ವೆಚ್ಚಮಾಡಿದ ಒಬ್ಬ ಹೆಂಗಸು ಬರುತ್ತಾಳೆ. ಕಲಬುರಗಿಯ ತಾಯಂದಿರ ಕಥೆಯೇ ಇದು! ಮುಟ್ಟಬಾರದ ಆಕೆ ಪ್ರಭುವಿನ ಉಡುಪನ್ನು ಮುಟ್ಟುತ್ತಾಳೆ. ಪ್ರಭುವು ಆಕೆಯನ್ನು ಗದರಲಿಲ್ಲ, ಸ್ನಾನಕ್ಕೆ ಅಟ್ಟಲಿಲ್ಲ. ಜನರೆದುರಿಗೆ ಮಗಳೇ ಎಂದು ಕರೆದರು. 601ರಲ್ಲಿ ಇಂಗ್ಲೆಂಡಿನಲ್ಲಿ ಸೇವೆ ಮಾಡುತ್ತಿದ್ದ ಕ್ಯಾಂಟರ್ಬರಿಯ ಸಂತ ಅಗಸ್ಟಿನ್‌ರು ಈ ವಿಷಯವಾಗಿಯೇ ಕೇಳಿದ ಪ್ರಶ್ನೆಗೆ ವಿಶ್ವಗುರು ಮಹಾ ಗ್ರೆಗೊರಿಯವರು ಉತ್ತರ ಕಳುಹಿಸಿದರು. ಸಂತ ಬೀಡ್‌ರ ಇತಿಹಾಸ ಗ್ರಂಥದಲ್ಲಿ ಅದು ಉಳಿದಿದೆ. ಹಸಿವು, ಬಾಯಾರಿಕೆ, ದಣಿವುಗಳಂತೆ ಮುಟ್ಟೂ ಪ್ರಕೃತಿಯಿಂದ ಬರುವಂಥದು. ಅದರಲ್ಲಿ ಆಕೆಯ ದೋಷವಿಲ್ಲ. ಆದಕಾರಣ ಅಂಥವಳನ್ನು ದೇವಾಲಯದಿಂದಾಗಲಿ ಪರಮಪ್ರಸಾದದಿಂದಾಗಲಿ ತಡೆಯಕೂಡದು ಎಂಬುದು ಅದರ ಸಾರ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಅದೇ ಶತಮಾನದಲ್ಲಿ, ಅದೇ ಕ್ಯಾಂಟರ್ಬರಿಯಲ್ಲಿ, ಥಿಯೋಡೋರ್ ಎಂಬ ಮಹಾಧರ್ಮಾಧ್ಯಕ್ಷರ ಹೆಸರಿನ ಪ್ರಾಯಶ್ಚಿತ್ತ ಗ್ರಂಥವು ಅದೇ ನಿಷೇಧವನ್ನು ಮತ್ತೆ ಹೇರಿತು. ನಿಯಮ ಬದಲಾಗುವುದು ಸುಲಭ, ರೂಢಿ ಬದಲಾಗುವುದು ಕಷ್ಟ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ನಮ್ಮ ನೆರೆಹೊರೆಯ ಪರಂಪರೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಐದು ಸೂತಕಗಳಲ್ಲಿ ರಜಃಸೂತಕವೂ ಒಂದು. ಹಾಗಿದ್ದೂ ಲಿಂಗಾಯತ ಮನೆಯಲ್ಲಾಗಲಿ, ಕಥೋಲಿಕ ಮನೆಯಲ್ಲಾಗಲಿ, ಹುಡುಗಿ ದೊಡ್ಡವಳಾದ ದಿನ ಆಕೆಗೆ ಮೊದಲು ಕೊಡುವ ಉಪದೇಶ ಯಾವುದು? 'ಯಾರಿಗೂ ಹೇಳಬೇಡ.'

ಸಂಶೋಧನೆಯು ಏನು ಹೇಳುತ್ತದೆಂದು ಈಗ ನೋಡೋಣ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಒಡಿಶಾದ ಭುವನೇಶ್ವರ ಮತ್ತು ರೂರ್ಕೆಲಾಗಳಲ್ಲಿ 486 ಮಹಿಳೆಯರನ್ನು ಪರೀಕ್ಷಿಸಿತು. ಮತ್ತೆ ಮತ್ತೆ ಬಳಸುವ ಬಟ್ಟೆಯನ್ನು ಉಪಯೋಗಿಸುವವರಲ್ಲಿ, ಒಮ್ಮೆ ಬಳಸಿ ಬಿಸುಡುವ ಪ್ಯಾಡು ಉಪಯೋಗಿಸುವವರಿಗಿಂತ, ಜನನಾಂಗದ ಸೋಂಕು ಹೆಚ್ಚಾಗಿ ಕಂಡಿತು. ಹಾಗಾದರೆ ಬಟ್ಟೆಯೇ ತಪ್ಪೋ? ಅದೇ ರಾಜ್ಯದಲ್ಲಿ 2018ರಲ್ಲಿ ಬಂದ ಮುಂದಿನ ಅಧ್ಯಯನವು ವಿಷಯವನ್ನು ಇನ್ನೂ ಆಳವಾಗಿ ಶೋಧಿಸಿತು. ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ, ಶೌಚಾಲಯದ ಮೂಲೆಯಲ್ಲಿ ಬಚ್ಚಿಡುವವರಲ್ಲಿ ಶಿಲೀಂಧ್ರದ ಸೋಂಕು ಹೆಚ್ಚಿತ್ತು. ಅಂದರೆ ರೋಗವನ್ನು ತಂದದ್ದು ಬಟ್ಟೆಗಿಂತಲೂ ಹೆಚ್ಚಾಗಿ ಅದನ್ನು ಬಚ್ಚಿಡಬೇಕಾದ ನಾಚಿಕೆ. ಸಾಬೂನು ಹಚ್ಚಿ, ಶುದ್ಧ ನೀರಿನಲ್ಲಿ ತೊಳೆದು, ನಮ್ಮ ಅಂಗಳದ ಈ ಧಾರಾಳವಾದ ಬಿಸಿಲಿನಲ್ಲಿ ಹರವಿದ ಹತ್ತಿಯ ಬಟ್ಟೆ ಒಳ್ಳೆಯದೇ. ಗಂಡಸರ ಧೋತರಕ್ಕೆ ಸಿಗುವ ಬಿಸಿಲು ಹೆಂಗಸಿನ ಬಟ್ಟೆಗೆ ಸಿಗುವುದಿಲ್ಲ. ಸೀರೆಯ ಅಡಿಯಲ್ಲಿ, ಕತ್ತಲೆಯ ಬಚ್ಚಲಲ್ಲಿ ಅದು ಹಸಿಯಾಗಿಯೇ ಉಳಿಯುತ್ತದೆ.

ಇನ್ನೊಂದು ಸಂಗತಿ ರಕ್ತಹೀನತೆ. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಜನ ರಕ್ತಹೀನರು. ಏಳು ದಿನಕ್ಕೂ ಮೀರಿ ಸ್ರಾವವಾಗುತ್ತಿದ್ದರೆ, ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಬಟ್ಟೆ ತೋಯ್ದು ಹೋಗುತ್ತಿದ್ದರೆ, ದೊಡ್ಡ ಗಡ್ಡೆಗಳಾಗಿ ರಕ್ತ ಬೀಳುತ್ತಿದ್ದರೆ ಅದು 'ಎಲ್ಲರಿಗೂ ಆಗುವಂಥದ್ದು' ಅಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಕಬ್ಬಿಣಾಂಶದ ಗುಳಿಗೆ, ರಕ್ತಸ್ರಾವ ತಗ್ಗಿಸುವ ಔಷಧ, ಹಾರ್ಮೋನಿನ ಚಿಕಿತ್ಸೆ ಮೊದಲಾದ ಎಷ್ಟೋ ಉಪಾಯಗಳು ಶಸ್ತ್ರಚಿಕಿತ್ಸೆಗೆ ಮುಂಚೆ ಇವೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಶಾಲೆಯಲ್ಲಿ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರು ನಮ್ಮ ಶಾಲೆಗಳಲ್ಲೂ ಇದ್ದಾರೆ. ಆ ಗುಳಿಗೆ ಏತಕ್ಕೆಂದು ಯಾರಾದರೂ ಅವರಿಗೆ ಬಿಡಿಸಿ ಹೇಳಿದ್ದಾರೆಯೇ?

ಒಂದು ವಿಚಿತ್ರವನ್ನು ಗಮನಿಸಿ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕವನ್ನು ತಪ್ಪದೆ ಬರೆಯುತ್ತಾರೆ. ಹೆರಿಗೆಯ ದಿನವನ್ನು ಎಣಿಸಲು ಅದು ಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು 2001ರಿಂದಲೂ ಒಂದು ಅಂತರರಾಷ್ಟ್ರೀಯ ಸಂಶೋಧನಾ ಜಾಲದಲ್ಲಿ ಸೇರಿ ಈ ಜಿಲ್ಲೆಯ ತಾಯಿ ಮತ್ತು ಶಿಶುಗಳ ಆರೋಗ್ಯದ ಮೇಲೆ ಜಗತ್ತು ಮೆಚ್ಚುವ ಕೆಲಸ ಮಾಡಿದ್ದಾರೆ. ಆದರೆ ಹೊಟ್ಟೆಯಲ್ಲಿ ಕೂಸಿಲ್ಲದ ತಿಂಗಳುಗಳಲ್ಲಿ ಆಕೆಯ ಮುಟ್ಟು ಹೇಗಿದೆ, ನೋವೆಷ್ಟು, ರಕ್ತವೆಷ್ಟು ಹೋಯಿತು ಎಂದು ಕೇಳಿ ಬರೆಯುವ ಕಾರ್ಡು ನಮ್ಮ ಹಳ್ಳಿಗಳಲ್ಲಿ ರೂಢಿಗೆ ಬಂದಿಲ್ಲ. ದೇಹವನ್ನು ಅದರಿಂದ ಹುಟ್ಟುವ ಮಗುವಿಗಾಗಿ ಮಾತ್ರ ಗೌರವಿಸುವುದು ಪೂರ್ಣವಾದ ಗೌರವವೆನ್ನಿಸದು. ಅರಿಸ್ಟಾಟಲನು ಮುಟ್ಟಿನ ರಕ್ತವನ್ನು ಸಂತಾನಕ್ಕೆ ಬೇಕಾದ ಕಚ್ಚಾ ದ್ರವ್ಯವೆಂದು ಬಗೆದಿದ್ದನು. ಆ ಹಳೆಯ ದೃಷ್ಟಿ ನಮ್ಮ ದಫ್ತರಗಳಲ್ಲಿ ಇನ್ನೂ ಜೀವಂತವಾಗಿದೆಯೇನೋ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2011ರಲ್ಲಿ ಕೇಂದ್ರವು ಆರು ರೂಪಾಯಿಗೆ ಆರು ಪ್ಯಾಡು ಕೊಡುವ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ 'ಶುಚಿ' ಯೋಜನೆಯು 2013-14ರಲ್ಲಿ ಶಾಲೆ ಮತ್ತು ವಸತಿನಿಲಯಗಳ ಹೆಣ್ಣುಮಕ್ಕಳಿಗೆ ಉಚಿತವಾಗಿ ಹಂಚತೊಡಗಿತು. ಕೋವಿಡ್ ಕಾಲದಿಂದ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಚಾಲನೆ ಪಡೆಯಿತು. 2018ರ ಜುಲೈಯಲ್ಲಿ ಪ್ಯಾಡಿನ ಮೇಲಿನ ನೂರಕ್ಕೆ 12ರ ತೆರಿಗೆ ರದ್ದಾಯಿತು. 2019ರಲ್ಲಿ ಜನೌಷಧಿ ಮಳಿಗೆಗಳಲ್ಲಿ ಒಂದು ಪ್ಯಾಡಿನ ಬೆಲೆ ಒಂದು ರೂಪಾಯಿಗೆ ಇಳಿಯಿತು. ಇವುಗಳ ಫಲವೂ ಕಂಡಿದೆ: 15ರಿಂದ 24ರ ಪ್ರಾಯದ ಯುವತಿಯರಲ್ಲಿ ಶುಚಿಯಾದ ಸಾಧನ ಬಳಸುವವರು ನಾಲ್ಕನೆಯ ಕುಟುಂಬ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 58 ಇದ್ದದ್ದು ಐದನೆಯದರಲ್ಲಿ 77ಕ್ಕೆ ಏರಿತು. ಇತ್ತ ಕೇರಳದ ಕುಂಬಳಂಗಿ ಎಂಬ ಕರಾವಳಿಯ ಪಂಚಾಯಿತಿಯು ಮುಟ್ಟಿನ ಬಟ್ಟಲುಗಳನ್ನು ಹಂಚಿ, 2022ರ ಜನವರಿಯಲ್ಲಿ ಪ್ಯಾಡುಮುಕ್ತ ಗ್ರಾಮವೆಂದು ಘೋಷಿಸಿಕೊಂಡಿತು. ಬಳಸಿದ ಪ್ಯಾಡನ್ನು ಕಾಲುವೆಗೆ ಎಸೆಯುವ ನಮ್ಮ ಊರುಗಳಿಗೂ ಇದು ಯೋಚಿಸತಕ್ಕ ವಿಷಯವೇ. ಆದರೆ ತೊಳೆಯಲು ನೀರೂ ಮರೆಯೂ ಇಲ್ಲದವಳ ಕೈಗೆ ಬಟ್ಟಲು ಕೊಟ್ಟು ಪ್ರಯೋಜನವಿಲ್ಲ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿದ ಮುಟ್ಟಿನ ರಜೆಯ ನೀತಿ ಬಹಳ ಚರ್ಚೆಗೆ ಒಳಗಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಡಾ. ಸಪ್ನಾ ಎಸ್. ಅವರ ನೇತೃತ್ವದ ಸಮಿತಿ ವರ್ಷಕ್ಕೆ ಆರು ದಿನವೆಂದು ಶಿಫಾರಸು ಮಾಡಿತ್ತು; ಸರ್ಕಾರವು ತಿಂಗಳಿಗೊಂದರಂತೆ ವೇತನಸಹಿತ ಹನ್ನೆರಡು ದಿನಗಳನ್ನು ನೀಡಿತು. ನವೆಂಬರಿನಲ್ಲಿ ಆದೇಶ ಹೊರಟಿತು. ಡಿಸೆಂಬರಿನಲ್ಲಿ ಮಾಲೀಕರ ಕಡೆಯವರು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಗತ್ತಿಗೆ ಇದು ಹೊಸತಲ್ಲ. ಜಪಾನ್ 1947ರಲ್ಲಿಯೇ ಇಂಥ ಕಾಯಿದೆ ಮಾಡಿತ್ತು, ಬಿಹಾರ ಸರ್ಕಾರ ತನ್ನ ಮಹಿಳಾ ನೌಕರರಿಗೆ 1992ರಿಂದ ತಿಂಗಳಿಗೆ ಎರಡು ದಿನ ಕೊಡುತ್ತ ಬಂದಿದೆ. ನಮ್ಮ ರಾಜ್ಯದ ಆದೇಶದಲ್ಲಿ ಹೆಸರಿಸಿದ ಕಾನೂನುಗಳಲ್ಲಿ ಕಾರ್ಖಾನೆ ಕಾಯಿದೆ, ತೋಟ ಕಾರ್ಮಿಕರ ಕಾಯಿದೆಗಳ ಜೊತೆಗೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯೂ ಇದೆ. ನಿಪ್ಪಾಣಿಯ ಪರಿಸರದಲ್ಲಿ ಬದುಕುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ತಂಬಾಕಿನ ವಖಾರಿಗಳ ಧೂಳಿನಲ್ಲಿ, ಮನೆಯ ಹೊಸ್ತಿಲಲ್ಲಿ ಬೀಡಿಯ ಮೊರ ಹಿಡಿದು ನಮ್ಮ ಎಷ್ಟು ತಾಯಂದಿರು ಆಯುಷ್ಯ ಸವೆಸಿದ್ದಾರೆ!

ಆದರೂ ಪ್ರಶ್ನೆ ಉಳಿಯುತ್ತದೆ. ಸಾವಿರಕ್ಕಿಷ್ಟು ಎಂದು ಎಣಿಸಿ ಮನೆಯಲ್ಲಿ ಬೀಡಿ ಕಟ್ಟುವವಳ ಒಂದು ದಿನದ ರಜೆಯ ಕೂಲಿಯನ್ನು ಯಾರು ತೆರಬೇಕು? ಇಚಲಕರಂಜಿಯ ಮಗ್ಗಗಳಿಗೆ ಗಡಿ ದಾಟಿ ದುಡಿಯಲು ಹೋಗುವವಳಿಗೆ ಕರ್ನಾಟಕದ ಆದೇಶದಿಂದ ಏನು ಸಿಕ್ಕೀತು? ಬೀಡದಿಂದ ಈ ಕಡೆಗೆ ಗಡಿ ದಾಟಿ ಬರುವ ಕೊಯ್ತಾದ ಅರ್ಧ ಪಾಲಿನ ಹೆಂಗಸಿನ ಹೆಸರು ಯಾವ ಹಾಜರಿ ಪಟ್ಟಿಯಲ್ಲಿದೆ? ರಜೆಯ ನೀತಿಯನ್ನು ನಾನು ಸ್ವಾಗತಿಸುತ್ತೇನೆ. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಧಣಿಗಳು ಹಿಂಜರಿಯುತ್ತಾರೆಂಬ ವಾದವೂ ನನಗೆ ಗೊತ್ತು. ಹೆರಿಗೆ ರಜೆಯ ಕಾಲದಲ್ಲಿಯೂ ಇದೇ ವಾದ ಕೇಳಿಬಂದಿತ್ತು. ನನ್ನ ಕೊರಗು ಬೇರೆ. ಯಾರಿಗೆ ಆ ಒಂದು ದಿನ ಅತ್ಯಗತ್ಯವೋ ಅವಳ ತನಕ ಆದೇಶದ ಕಾಗದ ನಡೆದುಬರುವುದಿಲ್ಲ. ಕಾರ್ಖಾನೆಗಳೂ ಕಬ್ಬಿನ ಧಣಿಗಳೂ ಮುಕಾದಮರೂ ಕೂಡಿ, ಮುಟ್ಟಿನ ದಿನಕ್ಕೆ ಜೋಡಿಯ ಮೇಲೆ ದಂಡ ಹಾಕುವುದಿಲ್ಲವೆಂಬ ಒಂದೇ ಮಾತನ್ನು ಒಪ್ಪಂದದಲ್ಲಿ ಬರೆದರೆ, ಎಷ್ಟೋ ಗರ್ಭಕೋಶಗಳು ಉಳಿದಾವು.

ಈ ಭಾಗದ ಕಥೋಲಿಕ ಕುಟುಂಬಗಳು ಸಂಖ್ಯೆಯಲ್ಲಿ ಸ್ವಲ್ಪವೇ ಇರಬಹುದು. ಆದರೆ ನಮ್ಮಲ್ಲಿ ಶಿಕ್ಷಕಿಯರಿದ್ದಾರೆ, ದಾದಿಯರಿದ್ದಾರೆ, ಹೊಲಿಗೆಯ ತರಗತಿ ನಡೆಸುವ ಧರ್ಮಭಗಿನಿಯರಿದ್ದಾರೆ, ಕಬ್ಬು ಬೆಳೆಯುವವರೂ ಇದ್ದಾರೆ. ತಂದೆಯಂದಿರಿಗೊಂದು ಮಾತು: ಅಂಗಡಿಯವನು ಪ್ಯಾಡಿನ ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕರಿಯ ಚೀಲದಲ್ಲಿ ಹಾಕತೊಡಗಿದರೆ, ಹಾಗೆಯೇ ಕೊಡಿ ಎಂದು ಕೇಳಿ ತನ್ನಿ, ಮಗಳು ಅದನ್ನು ನೋಡುತ್ತಾಳೆ, ಮಗನೂ ನೋಡುತ್ತಾನೆ. ತಾಯಂದಿರಿಗೊಂದು ಮಾತು: ಮಗಳಿಗೆ ಹತ್ತು ವರ್ಷ ತುಂಬಿದಾಗಲೇ ತಿಳಿಯಹೇಳಿ, ಶಾಲೆಯಲ್ಲಿ ಲಂಗದ ಮೇಲೆ ಕಲೆ ಕಂಡು ಸಾಯುತ್ತೇನೇನೋ ಎಂದು ಅವಳು ಅಳುವ ಹಾಗಾಗಬಾರದು. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಮೊದಲು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ. ಕೆಲಸದವಳಿಗೂ, ಹೊಲಕ್ಕೆ ಬರುವ ಟೋಳಿಯ ಹೆಂಗಸರಿಗೂ ಇದನ್ನೇ ಹೇಳಿ. ಅವರು ನಮ್ಮ ಹೊಲದಲ್ಲಿ ಇರುವಷ್ಟು ದಿನ ಬೋರಿನ ನೀರು, ನಾಲ್ಕು ತಗಡಿನ ಒಂದು ಮರೆ, ಬಟ್ಟೆ ಒಣಹಾಕಲು ಬಿಸಿಲು ಬೀಳುವ ಜಾಗದಲ್ಲೊಂದು ಹಗ್ಗ ಒದಗಿಸುವುದು ಎಕರೆಗೆ ಇಷ್ಟು ಟನ್ನು ಎಂದು ಎಣಿಸುವವರಿಗೆ ಭಾರವಾಗಲಾರದು.

ಇನ್ನು ದೇವಾಲಯಗಳ ಮಗ್ಗುಲಲ್ಲಿ ಸಭಾಭವನಗಳಿರುವ ಕಡೆ, ಅವುಗಳ ಶೌಚಾಲಯಗಳಿಗೆ ವಾರದ ಆರು ದಿನ ಬೀಗ ಬಿದ್ದಿರುತ್ತದೆ. ಒಳಗೆ ನಲ್ಲಿಯಿದೆ, ನೀರಿದೆ, ಬಾಗಿಲಿಗೆ ಚಿಲಕವಿದೆ. ಹಂಗಾಮು ಮುಗಿಯುವವರೆಗೆ, ಹಗಲಿನ ಹೊತ್ತು ಟೋಳಿಯ ಹೆಂಗಸರಿಗಾಗಿ ಅದನ್ನು ತೆರೆದಿಡಬಹುದೇ ಎಂದು ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಿಮ್ಮ ಪಾಲನಾ ಸಮಿತಿಯವರನ್ನು ಕೇಳಿರಿ. ಬೀಗದ ಕೈ ಅವರ ಬಳಿಯೇ ಇರುತ್ತದೆ.